ಶತ್ರಂಜಿನಿಂದ ಕಟ್ಟಿದ ಹೊಸ ಚದುರಂಗಗಳು: ಆಡಿ ನೋಡಿ ಮಾಡಿದ ಹೋಲಿಕೆ

ಇಂದಿನ ಚೆಸ್ಸಿನಲ್ಲಿ ರಾಣಿಯೂ ಒಂಟೆಯೂ ಹಾಸಿನ ಈ ತುದಿಯಿಂದ ಆ ತುದಿಗೆ ಒಂದೇ ನಡೆಯಲ್ಲಿ ಸಾಗಬಲ್ಲವು. ಈ ಬಲ ಅವುಗಳಿಗೆ ದೊರೆತದ್ದು 15ನೇ ಶತಮಾನದ ಕೊನೆಯ ದಶಕಗಳಲ್ಲಿ, ಸ್ಪೇನಿನ ವೇಲೆನ್ಸಿಯಾದ ಕಡೆಯಲ್ಲಿ. ಅದಕ್ಕೂ ಮೊದಲು, ಭಾರತದ ಚತುರಂಗದಿಂದ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬ್ ನಾಡುಗಳಿಗೂ ಯುರೋಪಿಗೂ ಹಬ್ಬಿದ ಶತ್ರಂಜ್ ಎಂಬ ಆಟದಲ್ಲಿ, ರಥ ಮತ್ತು ಕುದುರೆಯನ್ನು ಬಿಟ್ಟರೆ ಉಳಿದ ಕಾಯಿಗಳೆಲ್ಲ ಒಂದೆರಡು ಮನೆಗಳ ಆಚೆಗೆ ಹೋಗುತ್ತಿರಲಿಲ್ಲ. ಆ ಹಳೆಯ ಆಟದ ಗುಣವನ್ನು ಉಳಿಸಿಕೊಂಡೇ ಅದರ ಮಂದಗತಿಯನ್ನು ನೀಗಿಸುವ ಹೊಸ ಆಟವೊಂದನ್ನು ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಚಾವಡಿಯಲ್ಲಿ, ಮಳೆಯಿಂದಾಗಿ ಹೊರಗೆ ಕಾಲಿಡಲಾಗದ ಆಟಿಯ ದಿನಗಳಲ್ಲಿ, ಬೇರೆ ಬೇರೆ ನಿಯಮಗಳನ್ನು ಬರೆದಿಟ್ಟುಕೊಂಡು ಮನೆಯವರೂ ಗೆಳೆಯರೂ ಸೇರಿ ಆಡಿ ನೋಡಿದ್ದೇವೆ. ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ, ಏಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಡಿದವರ ಬಗ್ಗೆ ಎರಡು ಮಾತು ಹೇಳುವುದು ಅಗತ್ಯ, ಏಕೆಂದರೆ ಹೊಸ ಆಟದ ಗುಣದೋಷಗಳು ಆಡುವವರ ಅನುಭವಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕಾಣುತ್ತವೆ. ನನ್ನ ಭಾವ ಬ್ಯಾಂಕಿನಿಂದ ನಿವೃತ್ತರಾದವರು, ಚೆಸ್ಸಿನಲ್ಲಿ ನಿಧಾನವಾದರೂ ಗಟ್ಟಿ ಆಟಗಾರರು. ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಸ್ಪರ್ಧೆಗಳಲ್ಲಿ ಗಡಿಯಾರ ಇಟ್ಟುಕೊಂಡು ಆಡಿ ಬೆಳೆದವಳು. ಮಂಗಳೂರಿನ ಕದ್ರಿಯ ಗೆಳೆಯರೊಬ್ಬರಿಗೆ ಚೆಸ್ಸಿನ ಆರಂಭದ ಪಾಠಗಳ ಗಂಧವೂ ಇಲ್ಲ, ಆದರೆ ಚೆನ್ನೆಮಣೆಯಲ್ಲಿ ಅವರನ್ನು ಸೋಲಿಸಿದವರನ್ನು ನಾನು ನೋಡಿಲ್ಲ. ಒಂದೇ ಮಣೆ, ಒಂದೇ ಬಗೆಯ ಬೀಜಗಳನ್ನು ಇಟ್ಟುಕೊಂಡು ಹಲವು ಬಗೆಯ ಆಟಗಳನ್ನು ಆಡುವ ತುಳುನಾಡಿನ ಚೆನ್ನೆಯ ಪರಂಪರೆಯಲ್ಲಿ ಪಳಗಿದವರಿಗೆ ನಿಯಮ ಬದಲಾಯಿಸುವುದು ವಿಚಿತ್ರವಾಗಿ ಕಾಣುವುದಿಲ್ಲ ಎಂಬುದನ್ನು ಅವರಲ್ಲಿ ಗಮನಿಸಿದೆ.

ಕಾಯಿಗಳ ಹೆಸರುಗಳನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮ ಕಡೆ ಮೂಲೆಯ ಕಾಯಿಯನ್ನು ಆನೆಯೆಂದೂ ಕುದುರೆಯ ಪಕ್ಕದ್ದನ್ನು ಒಂಟೆಯೆಂದೂ ಕರೆಯುವ ರೂಢಿ ಇದೆ. ಈ ಬರಹದಲ್ಲಿ ಹಳೆಯ ಕ್ರಮದಂತೆ ಮೂಲೆಯದ್ದು ರಥ, ಕುದುರೆಯ ಪಕ್ಕದ್ದು ಆನೆ, ರಾಜನ ಪಕ್ಕದ್ದು ಮಂತ್ರಿ. ಶತ್ರಂಜಿನಲ್ಲಿ ರಥ, ಕುದುರೆ, ರಾಜ ಇವುಗಳ ನಡೆ ಇಂದಿನಂತೆಯೇ ಇತ್ತು. ಮಂತ್ರಿ ಓರೆಯಾಗಿ ಒಂದೇ ಮನೆ ಸಾಗುತ್ತಿತ್ತು. ಆನೆ ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು, ನಡುವಿನ ಮನೆಯಲ್ಲಿ ಕಾಯಿ ಇದ್ದರೂ ಅಡ್ಡಿಯಿರಲಿಲ್ಲ. ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಕೊನೆಯ ಸಾಲು ತಲುಪಿದಾಗ ಮಂತ್ರಿ ಮಾತ್ರ ಆಗುತ್ತಿತ್ತು. ಎದುರಾಳಿಯ ರಾಜನನ್ನು ಒಬ್ಬಂಟಿಯಾಗಿಸಿದರೂ ಗೆಲುವು. ಆದರೆ ಆ ರಾಜ ಮರುನಡೆಯಲ್ಲೇ ಈ ಕಡೆಯ ಉಳಿದೊಂದು ಕಾಯಿಯನ್ನೂ ಹೊಡೆದರೆ ಡ್ರಾ. ನಡೆ ಉಳಿಯದೆ ಸ್ಟೇಲ್‌ಮೇಟ್ ಆದವನು ಸೋತಂತೆ. ಈ ಕೊನೆಯ ಎರಡು ನಿಯಮಗಳನ್ನು ನನ್ನ ಎಲ್ಲ ಆಟಗಳಲ್ಲೂ ಉಳಿಸಿಕೊಂಡಿದ್ದೇನೆ.

ಮೂಲ ಶತ್ರಂಜನ್ನು ಆಡಿದಾಗ ಎಲ್ಲರೂ ಮೊದಲು ದೂರುವುದು ಕಾಯಿಗಳ ದೌರ್ಬಲ್ಯವನ್ನು. ಆದರೆ ಹೆಚ್ಚು ಆಡಿದಂತೆ ನನಗೆ ಅದರ ನಿಜವಾದ ಕೊರತೆ ಬೇರೆಡೆ ಇದೆ ಎನಿಸಿತು. ಅಕ್ಕನ ಮಗಳೇ ಅದನ್ನು ಮೊದಲು ಬಾಯಿಬಿಟ್ಟು ಹೇಳಿದಳು: "ಮಾವ, ನನ್ನ ಆನೆ ನಿಮ್ಮ ಆನೆಯನ್ನು ಹೊಡೆಯಲಿಕ್ಕೆ ಆಗುವುದೇ ಇಲ್ಲ ಅಲ್ಲವಾ?" ಲೆಕ್ಕ ಹಾಕಿದರೆ ಮಾತು ಅಕ್ಷರಶಃ ನಿಜ. ಹಾಸಿನ ಉದ್ದ ಸಾಲುಗಳನ್ನು ಬಿಳಿಯ ಎಡಗಡೆಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ, ಅಡ್ಡ ಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಗುರುತಿಸುವುದು ರೂಢಿ. ಸಿ1ರಲ್ಲಿ ಹೊರಡುವ ಆನೆ ಇಡೀ ಆಟದಲ್ಲಿ ತಲುಪಬಲ್ಲದ್ದು ಸಿ1, ಜಿ1, ಎ3, ಇ3, ಸಿ5, ಜಿ5, ಎ7, ಇ7 ಎಂಬ ಎಂಟೇ ಮನೆಗಳನ್ನು. ಉಳಿದ ಮೂರು ಆನೆಗಳಿಗೂ ತಲಾ ಎಂಟು ಮನೆಗಳಿವೆ, ಮತ್ತು ಒಂದರ ಮನೆ ಇನ್ನೊಂದಕ್ಕಿಲ್ಲ. ಅಂದರೆ 64ರಲ್ಲಿ 32 ಮನೆಗಳಿಗೆ ಯಾವ ಆನೆಯ ಭಯವೂ ಎಂದೂ ಇಲ್ಲ, ನಾಲ್ಕು ಆನೆಗಳು ಒಂದನ್ನೊಂದು ಎಂದೂ ಎದುರಿಸುವುದಿಲ್ಲ. ಮಂತ್ರಿಗಳ ಸ್ಥಿತಿಯೂ ಹೀಗೆಯೇ. ರಾಜರು ಎದುರುಬದುರಾಗಿ ನಿಂತರೆ ಡಿ1ರ ಮಂತ್ರಿ ಬಿಳಿ ಮನೆಗಳಲ್ಲಿ, ಡಿ8ರ ಮಂತ್ರಿ ಕಪ್ಪು ಮನೆಗಳಲ್ಲಿ ಸುತ್ತುತ್ತವೆ. ಎರಡು ಸೇನೆಗಳು ಒಂದೇ ರಣರಂಗದಲ್ಲಿದ್ದರೂ ಅವುಗಳ ಕೆಲವು ಅಂಗಗಳು ಮುಖಾಮುಖಿಯಾಗುವುದೇ ಇಲ್ಲ ಎಂಬುದು ನನಗೆ ಕಾಯಿಗಳ ಮಂದಗತಿಗಿಂತ ದೊಡ್ಡ ಕೊರತೆಯಾಗಿ ಕಂಡಿತು.

ಮಂದ ಕಾಯಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. 10ನೇ ಶತಮಾನದ ಬಾಗ್ದಾದಿನ ಶತ್ರಂಜ್ ಪಂಡಿತ ಅಸ್-ಸೂಲಿ ಕಟ್ಟಿದ ಒಂದು ಸಮಸ್ಯೆಯಲ್ಲಿ ಎರಡೂ ಕಡೆ ರಾಜ ಮತ್ತು ಮಂತ್ರಿ ಬಿಟ್ಟರೆ ಬೇರೇನೂ ಇಲ್ಲ. ಎದುರಾಳಿಯ ಮಂತ್ರಿಯನ್ನು ಹಿಡಿದು ರಾಜನನ್ನು ಒಬ್ಬಂಟಿಯಾಗಿಸುವುದೇ ಅದರ ಗುರಿ. ಅದಕ್ಕೆ 20ನೇ ಶತಮಾನದಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಪರಿಹಾರ ಕಂಡುಕೊಳ್ಳುವವರೆಗೆ ಸುಮಾರು ಸಾವಿರ ವರ್ಷ ಅದು ಬಿಡಿಸದ ಗಂಟಾಗಿಯೇ ಉಳಿದಿತ್ತು. ಓರೆಯಾಗಿ ಒಂದು ಮನೆ ನಡೆಯುವ ಕಾಯಿಯಲ್ಲಿ ಇಷ್ಟು ಆಳ ಅಡಗಿರುವಾಗ, ಕಾಯಿಗಳಿಗೆ ಬಲ ತುಂಬುವ ಕೆಲಸವನ್ನು ಕೈ ಬಿಗಿಹಿಡಿದೇ ಮಾಡಬೇಕು. ಹಾಗಾಗಿ ನಾನು ನನ್ನ ಆಟಗಳಿಗೆ ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡೆ: ಪ್ರತಿಯೊಂದು ಕಾಯಿಯೂ ಎದುರಿನ ತನ್ನ ಜೊತೆಗಾರನನ್ನು ಎದುರಿಸುವಂತಿರಬೇಕು, ದಾಳಿ ದೂರದಿಂದ ಬಂದೆರಗದೆ, ಹತ್ತಿರವಾಗುತ್ತಿರುವುದು ಎದುರಾಳಿಗೆ ಕಾಣುವಂತಿರಬೇಕು, ಆಟ ಡ್ರಾದಲ್ಲಿ ಕರಗಿಹೋಗಬಾರದು.

ಮೊದಲು ಪ್ರಯತ್ನಿಸಿದ್ದು ನಾವು 'ಐದು ಮನೆಯ ಆನೆ' ಎಂದು ಹೆಸರಿಟ್ಟ ಆಟ. ಇದರ ಮೂಲ ಮಧ್ಯಯುಗದ ವಿದ್ವಾಂಸ ಅಲ್-ಬಿರೂನಿಯ ಬರಹದಲ್ಲಿದೆ. ಸುಮಾರು 1030ರಲ್ಲಿ ಭಾರತದ ಕುರಿತು ಬರೆದ ಗ್ರಂಥದಲ್ಲಿ ಅವನು ಭಾರತೀಯರ ಚದುರಂಗದ ಬಗ್ಗೆ ಹೇಳುತ್ತಾನೆ, ದಾಳ ಹಾಕಿ ನಾಲ್ವರು ಆಡುವ ಇನ್ನೊಂದು ಬಗೆಯನ್ನೂ ವರ್ಣಿಸುತ್ತಾನೆ. ಭಾರತೀಯರ ಚದುರಂಗದಲ್ಲಿ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಓರೆಗಳಿಗೆ ಒಂದೊಂದು ಮನೆ ಸಾಗುತ್ತದೆ. ಆನೆಯ ಸೊಂಡಿಲೂ ನಾಲ್ಕು ಕಾಲುಗಳೂ ಊರುವ ಜಾಗಗಳೇ ಇವು ಎಂದು ಭಾರತೀಯರು ಹೇಳುತ್ತಾರೆಂದು ಅವನು ದಾಖಲಿಸಿದ್ದಾನೆ. ಈ ನಡೆಯನ್ನು ನನ್ನ ಆಟಕ್ಕೆ ತಂದು, ಉಳಿದದ್ದನ್ನು ಶತ್ರಂಜಿನಂತೆಯೇ ಬಿಟ್ಟೆ. ಒಂದೇ ಒಂದು ಬದಲಾವಣೆ ಸೇರಿಸಿದ್ದು ರಾಜ ಮಂತ್ರಿಯರ ಜಾಗದ ವಿಷಯದಲ್ಲಿ: ಬಿಳಿಯ ರಾಜ ಇ1ರಲ್ಲಿದ್ದರೆ ಕಪ್ಪು ರಾಜ ಡಿ8ರಲ್ಲಿ, ಹೀಗೆ ಪ್ರತಿಯೊಬ್ಬನ ಎದುರಿಗೂ ಮಂತ್ರಿ. ಆಗ ಎರಡೂ ಮಂತ್ರಿಗಳು ಒಂದೇ ಬಣ್ಣದ ಮನೆಗಳಿಗೆ ಬಂದು ಪರಸ್ಪರ ಎದುರಾಗುತ್ತವೆ. ಯಾವ ಕಾಯಿಯ ನಡೆಯನ್ನೂ ಬದಲಿಸದೆ ಹಳೆಯ ಕೊರತೆಯೊಂದು ಇಷ್ಟು ಸುಲಭವಾಗಿ ನೀಗಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಈ ಆನೆ 64 ಮನೆಗಳನ್ನೂ ತಲುಪಬಲ್ಲದು, ಏಕೆಂದರೆ ಮುಂದಿನ ಒಂದು ಹೆಜ್ಜೆ ಅದರ ಮನೆಯ ಬಣ್ಣವನ್ನು ಬದಲಿಸುತ್ತದೆ. ಆದರೆ ಹಿಂದೆ ಸರಿಯಲು ಅದಕ್ಕೆ ಓರೆದಾರಿ ಬಿಟ್ಟರೆ ಬೇರೆ ದಾರಿಯಿಲ್ಲ, ಪಕ್ಕಕ್ಕಂತೂ ಹೋಗಲಾರದು. ಆದ್ದರಿಂದ ಆನೆಯನ್ನು ಮುಂದೆ ನೂಕುವುದು ಇಲ್ಲಿ ಯೋಚಿಸಿ ಮಾಡಬೇಕಾದ ಕೆಲಸ. ಡಿ4 ಮತ್ತು ಇ4ರಲ್ಲಿ ಅಕ್ಕಪಕ್ಕ ನಿಲ್ಲಿಸಿದ ಎರಡು ಆನೆಗಳು ಸಿ5ರಿಂದ ಎಫ್5ರವರೆಗಿನ ನಾಲ್ಕೂ ಮನೆಗಳನ್ನು ಕಾಯುತ್ತವೆ, ನಡುವಿನ ಡಿ5 ಮತ್ತು ಇ5ಕ್ಕೆ ಇಮ್ಮಡಿ ಕಾವಲು ಸಿಗುತ್ತದೆ. ಎದುರಿನಿಂದ ಬರುವ ಯಾವ ಪದಾತಿಯೂ ಕುದುರೆಯೂ ಈ ಜೋಡಿಯ ಮುಂದೆ ಸುಲಭವಾಗಿ ನೆಲೆ ಹಿಡಿಯಲಾರದು. ಆದರೆ ಅವು ಒಂದನ್ನೊಂದು ಕಾಯುವುದಿಲ್ಲ. ಎದುರಾಳಿಯ ರಥ ಹೇಗಾದರೂ 4ನೇ ಸಾಲಿಗೆ ಬಂದು ಪಕ್ಕದಿಂದ ನೋಡಿತೆಂದರೆ ಇಡೀ ಕಟ್ಟು ಕುಸಿಯುತ್ತದೆ. ಭಾವ ಈ ಆಟದಲ್ಲಿ ಸೋಲುವುದು ಅಪರೂಪ. ಆನೆಗಳನ್ನು ಪದಾತಿಗಳ ಹಿಂದೆಯೇ ಇಟ್ಟುಕೊಂಡು, ಒಂದು ಹೆಜ್ಜೆಯೂ ವ್ಯರ್ಥವಾಗದಂತೆ ಗೋಡೆ ಕಟ್ಟುತ್ತಾ ಬರುತ್ತಾರೆ. ಅವರ ಎದುರು ಆಡುವವರಿಗೆ ತಾಳ್ಮೆ ಬೇಕು.

ಇದರ ದೋಷವೂ ಅಲ್ಲೇ ಇದೆ. ಆರಂಭದಲ್ಲಿ ಆನೆ ತನ್ನದೇ ಪದಾತಿಗಳ ಹಿಂದೆ ಬಂದಿಯಾಗಿರುತ್ತದೆ, ಏಕೆಂದರೆ ಹಾರುವ ಶಕ್ತಿಯನ್ನು ಕಳೆದುಕೊಂಡಿದೆ. ಶತ್ರಂಜಿನ ಕಾಲದಲ್ಲಿ ಎರಡೂ ಕಡೆಯವರು ಮೊದಲ ಹತ್ತಾರು ನಡೆಗಳನ್ನು ಎದುರಾಳಿಯ ಗೊಡವೆಗೇ ಹೋಗದೆ, 'ತಬಿಯಾ' ಎನ್ನುವ ಸಿದ್ಧ ವ್ಯೂಹಗಳನ್ನು ಕಟ್ಟಲು ಬಳಸುತ್ತಿದ್ದರು. ಐದು ಮನೆಯ ಆನೆ ಆ ಕಾಲಾವಧಿಯನ್ನು ಕಡಿಮೆ ಮಾಡುವುದಿಲ್ಲ, ಬದಲಿಗೆ ಹೆಚ್ಚಿಸುತ್ತದೆ. "ಆಟ ಒಳ್ಳೇದುಂಟು, ಆದರೆ ಜಗಳ ಶುರುವಾಗುವಾಗ ಊಟದ ಹೊತ್ತಾಗ್ತದೆ ಮಾರಾಯಾ" ಎಂದು ಕದ್ರಿಯ ಗೆಳೆಯರು ಹೇಳಿದ್ದರಲ್ಲಿ ಹುರುಳಿದೆ.

ಆರಂಭವನ್ನು ಚುರುಕಾಗಿಸುವುದಕ್ಕೆಂದೇ ಎರಡನೆಯ ಪ್ರಯತ್ನ. ಪದಾತಿಗಳನ್ನು ಎರಡನೆಯ ಸಾಲಿನ ಬದಲು ಮೂರನೆಯ ಸಾಲಿನಲ್ಲೇ ನಿಲ್ಲಿಸಿ ಆಟ ಶುರು ಮಾಡಿದರೆ ನಡುವೆ ಎರಡೇ ಸಾಲು ಖಾಲಿ ಉಳಿಯುತ್ತದೆ, ಇಬ್ಬರೂ ಒಂದೊಂದು ಪದಾತಿ ನಡೆಸಿದರೆ ಸಂಘರ್ಷ ಶುರು. ಇದನ್ನು ಶತ್ರಂಜಿನ ಹಾರುವ ಆನೆಯೊಂದಿಗೆ ಜೋಡಿಸಿದ ಕೂಡಲೇ ತೊಡಕು ಕಣ್ಣಿಗೆ ಬಿತ್ತು. ಸಿ1ರ ಆನೆ ಹಾರಬೇಕಾದದ್ದು ಎ3 ಅಥವಾ ಇ3ಕ್ಕೆ, ಆ ಎರಡೂ ಮನೆಗಳಲ್ಲಿ ತನ್ನದೇ ಪದಾತಿಗಳು ಕುಳಿತಿವೆ. ಬಿ1ರ ಕುದುರೆಗೂ ಎ3, ಸಿ3 ಮುಚ್ಚಿಹೋಗಿ ಡಿ2 ಒಂದೇ ಉಳಿಯುತ್ತದೆ. ಹಾಗಾದರೆ ಮುಂದಿಟ್ಟ ಪದಾತಿಗೆ ಹೊಂದುವುದು ಹಾರುವ ಆನೆಯಲ್ಲ, ನಡೆಯುವ ಆನೆ. ಮುಂದಿಟ್ಟ ಪದಾತಿ, ಐದು ಮನೆಯ ಆನೆ, ಎದುರುಬದುರಾಗದ ರಾಜರು, ಇವು ಮೂರನ್ನೂ ಕೂಡಿಸಿದರೆ ದೊರೆಯುವ ಆಟ ಸೊಗಸಾಗಿದೆ, ಸಮತೋಲನವಿದೆ, ಬೇಗ ಬಿಸಿಯೇರುತ್ತದೆ. ಆದರೆ ಅದು ಹೊಸದಲ್ಲ. ಥಾಯ್ಲೆಂಡಿನಲ್ಲಿ ಇಂದಿಗೂ ಜನ ಆಡುವ ಮಕ್ರುಕ್ ಬಹುಮಟ್ಟಿಗೆ ಇದೇ. ಅದರಲ್ಲಿ ಪದಾತಿ ಆರನೆಯ ಸಾಲಿನಲ್ಲೇ ಮಂತ್ರಿಯ ನಡೆ ಪಡೆಯುತ್ತದೆ ಮತ್ತು ಅಂತ್ಯದಾಟದಲ್ಲಿ ನಡೆಗಳನ್ನು ಎಣಿಸುವ ವಿಸ್ತಾರವಾದ ನಿಯಮಗಳಿವೆ. ಒಂದೇ ಒಗಟನ್ನು ಬಿಡಿಸಲು ಹೊರಟರೆ ಒಂದೇ ಉತ್ತರಕ್ಕೆ ಬರುತ್ತೇವೆಂಬುದಕ್ಕೆ ಇದು ನನಗೆ ಪುರಾವೆ. ಶತ್ರಂಜಿಗೆ ಹೊಸ ಜೀವ ಕೊಡಬೇಕೆಂದು ಬಯಸುವವರು ತಮ್ಮ ನಿಯಮಗಳನ್ನು ಬರೆಯುವ ಮೊದಲು ಮಕ್ರುಕ್ ಕಲಿಯುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ.

ನಾಲ್ವರು ಆಡುವ, ದಾಳದ ಚದುರಂಗವನ್ನೂ ದಾಳವಿಲ್ಲದೆ ಆಡಿದೆವು. ಯಾರು ಮೊದಲು ಯಾರೊಂದಿಗೆ ಸೇರಿಕೊಂಡರು ಎಂಬುದರ ಮೇಲೆಯೇ ಆಟ ತೀರ್ಮಾನವಾಗುತ್ತದೆ. ಕಾಯಿಗಳ ನಡೆಯನ್ನು ಪರೀಕ್ಷಿಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ನನ್ನ ಮನಸ್ಸು ನಿಂತಿರುವುದು 'ಎಂಟು ಮನೆಯ ಆನೆ'ಯ ಆಟದಲ್ಲಿ. ಇದರಲ್ಲಿ ಆನೆಗೆ ಹಳೆಯ ಹಾರುವಿಕೆ ಉಳಿದಿದೆ, ಜೊತೆಗೆ ಓರೆಯಾಗಿ ಒಂದು ಮನೆ ನಡೆಯುವ ಅನುಮತಿಯೂ ಸೇರಿದೆ. ಮಂತ್ರಿ ರಾಜನಂತೆ ಎಂಟು ದಿಕ್ಕಿಗೂ ಒಂದೊಂದು ಮನೆ ಸಾಗುತ್ತದೆ, ಆದರೆ ಅದಕ್ಕೆ ಚೆಕ್ಕಿನ ಭಯವಿಲ್ಲ. ಉಳಿದದ್ದೆಲ್ಲ ಶತ್ರಂಜ್. ಈ ಬಗೆಯ ಆನೆಯನ್ನೂ ಮಂತ್ರಿಯನ್ನೂ ಹಿಂದೆಯೂ ಹಲವರು ಬೇರೆ ಬೇರೆ ದೇಶಗಳಲ್ಲಿ ಬಳಸಿ ನೋಡಿದ್ದಾರೆ. ಆ ಕೀರ್ತಿ ನನ್ನದಲ್ಲ. ಇದನ್ನು ಇತರ ಆಟಗಳ ಪಕ್ಕದಲ್ಲಿಟ್ಟು ಆಡಿದಾಗ ತಿಳಿದದ್ದಷ್ಟನ್ನು ಹೇಳುತ್ತೇನೆ.

ಆನೆಗೆ ಸೇರಿದ ಆ ಒಂದು ಹೆಜ್ಜೆಯಿಂದ ಆಗುವ ಬದಲಾವಣೆ ಅಗಾಧ. ಎಂಟು ಮನೆಗಳಲ್ಲಿ ಬಂದಿಯಾಗಿದ್ದ ಕಾಯಿಗೆ ಈಗ ಹಾಸಿನ ಅರ್ಧ, ಎಂದರೆ 32 ಮನೆಗಳು ಸಿಗುತ್ತವೆ. ಒಂದು ಆನೆ ಬಿಳಿ ಮನೆಗಳಲ್ಲಿ, ಇನ್ನೊಂದು ಕಪ್ಪು ಮನೆಗಳಲ್ಲಿ ಇರುವುದರಿಂದ ಪ್ರತಿಯೊಂದಕ್ಕೂ ಎದುರುಕಡೆ ಒಬ್ಬ ಸಮಬಲನಿದ್ದಾನೆ. ಹಳೆಯ ಆಟದಲ್ಲಿ ಇ5ಕ್ಕೆ ನಾಲ್ಕು ಆನೆಗಳಲ್ಲಿ ಒಂದೂ ಬರಲಾರದು ಎಂಬುದನ್ನು ಮೇಲಿನ ಲೆಕ್ಕದಿಂದಲೇ ನೋಡಬಹುದು. ಇಲ್ಲಿ ಸಿ1ರ ಆನೆ ಇ3, ಡಿ4, ಇ5 ಎಂದು ಮೂರು ನಡೆಗಳಲ್ಲಿ ಅಲ್ಲಿಗೆ ತಲುಪುತ್ತದೆ. ಎದುರಾಳಿಯ ರಾಜ ಜಿ7ರಲ್ಲೂ ರಥ ಸಿ7ರಲ್ಲೂ ಇದ್ದು, ಇ5ರ ಆನೆಯನ್ನು ಹೊಡೆಯುವ ಕಾಯಿ ಯಾವುದೂ ಇಲ್ಲದಿದ್ದರೆ, ಎರಡರ ಮೇಲೂ ಏಕಕಾಲಕ್ಕೆ ದಾಳಿ ಬೀಳುತ್ತದೆ. ಎಫ್6ರಲ್ಲಿ ಕುದುರೆಯೊಂದು ಅಡ್ಡ ನಿಂತಿದ್ದರೂ ಪ್ರಯೋಜನವಿಲ್ಲ, ಆನೆ ಅದರ ಮೇಲಿಂದ ಹಾರುತ್ತದೆ. ರಾಜ ಸರಿಯಲೇಬೇಕು, ರಥ ಹೋಗುತ್ತದೆ. ಅಕ್ಕನ ಮಗಳು ಈ ತಂತ್ರವನ್ನು ಒಮ್ಮೆ ಅನುಭವಿಸಿದ ಮೇಲೆ ರಾಜನನ್ನೂ ರಥವನ್ನೂ ಒಂದೇ ಸಾಲಿನಲ್ಲಿ ನಾಲ್ಕು ಮನೆಗಳ ಅಂತರದಲ್ಲಿ ಇಡುವುದನ್ನು ನಿಲ್ಲಿಸಿದಳು. ಗಮನಿಸಬೇಕಾದದ್ದೇನೆಂದರೆ, ಆ ಆನೆ ಇ3ರಿಂದ ಡಿ4ಕ್ಕೆ ಬಂದಾಗಲೇ ಎದುರಾಳಿಗೆ ಅಪಾಯ ಕಾಣುತ್ತದೆ. ಇಂದಿನ ಚೆಸ್ಸಿನ ಒಂಟೆಯಂತೆ ಹಾಸಿನ ಮೂಲೆಯಿಂದ ಒಮ್ಮೆಲೇ ಬಂದು ಹೊಡೆಯುವ ಮಾತಿಲ್ಲ. ದಾಳಿ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ, ತಡೆಯಲು ಅವಕಾಶವಿರುತ್ತದೆ, ತಡೆಯಲಾಗದಿದ್ದರೆ ಅದು ನಿಜಕ್ಕೂ ದಾಳಿ ಮಾಡಿದವರ ಯೋಜನೆಯ ಗೆಲುವು.

ಇನ್ನೊಂದು ಲಾಭ ಆರಂಭದ ಜೋಡಣೆಯಲ್ಲೇ ಇದೆ. ಮೂಲ ಶತ್ರಂಜಿನಲ್ಲಿ ಕುದುರೆಗಳ ಮುಂದಿನ ಎರಡು ಪದಾತಿಗಳಿಗೆ, ಅಂದರೆ ಬಿ2 ಮತ್ತು ಜಿ2ಕ್ಕೆ, ಯಾವ ಕಾಯಿಯ ರಕ್ಷಣೆಯೂ ಇಲ್ಲ. ಆನೆಗೆ ಒಂದು ಮನೆಯ ಓರೆ ಹೆಜ್ಜೆ ಸಿಕ್ಕ ಕೂಡಲೇ ಆ ಎರಡೂ ರಕ್ಷಿತವಾಗುತ್ತವೆ, ಸಾಲಿನ ಎಲ್ಲ ಪದಾತಿಗಳಿಗೂ ಕಾವಲು ಒದಗುತ್ತದೆ. ಐದು ಮನೆಯ ಆನೆಯಿಂದಲೂ ಈ ಲಾಭವಿದೆ, ಆದರೆ ಅದು ಪದಾತಿಗಳ ಹಿಂದೆ ಸಿಕ್ಕಿಕೊಂಡೇ ಕಾಯುತ್ತದೆ. ಇದು ಮೊದಲ ನಡೆಯಲ್ಲೇ ಪದಾತಿಗಳ ಮೇಲಿಂದ ಹಾರಿ ಹೊರಬರಬಲ್ಲದು. ತಬಿಯಾ ಕಟ್ಟುವ ದೀರ್ಘ ಮೌನ ಇಲ್ಲಿ ತಾನಾಗಿಯೇ ಮುರಿದುಬೀಳುತ್ತದೆ, ಏಕೆಂದರೆ ಐದಾರು ನಡೆಗಳಲ್ಲೇ ಆನೆಗಳು ಎದುರಾಳಿಯ ಪದಾತಿಗಳನ್ನು ಮುಟ್ಟುವಷ್ಟು ಹತ್ತಿರವಿರುತ್ತವೆ.

ಪದಾತಿಯ ಬಡ್ತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಕ್ರುಕ್ಕಿನಂತೆ ಆರನೆಯ ಸಾಲಿನಲ್ಲೇ ಬಡ್ತಿ ಕೊಟ್ಟು ನೋಡಿದೆವು. ಅಲ್ಲಿ ಬಡ್ತಿ ಪಡೆದ ಪದಾತಿ ಓರೆಯಾಗಿ ಮಾತ್ರ ನಡೆಯುವುದರಿಂದ ತೊಂದರೆಯಿಲ್ಲ. ಇಲ್ಲಿ ಎಂಟು ದಿಕ್ಕಿಗೂ ನಡೆಯುವ ಮಂತ್ರಿ ಅಷ್ಟು ಬೇಗ ಹುಟ್ಟಿದರೆ ಆನೆ, ಕುದುರೆಗಳ ಆಟವೆಲ್ಲ ಹಿಂದೆ ಸರಿದು, ಪದಾತಿಯನ್ನು ನಾಲ್ಕು ಹೆಜ್ಜೆ ಓಡಿಸುವ ಪೈಪೋಟಿಯಷ್ಟೇ ಉಳಿಯುತ್ತದೆ. ಎಂಟನೆಯ ಸಾಲಿನ ಹಳೆಯ ನಿಯಮವೇ ಸರಿ. ಅಂತ್ಯದಾಟದಲ್ಲಿ ಒಬ್ಬಂಟಿ ರಾಜನ ನಿಯಮ ಇಡೀ ಲೆಕ್ಕಾಚಾರವನ್ನೇ ಬದಲಿಸುತ್ತದೆ. ಎರಡೂ ಕಡೆ ಒಂದೊಂದು ಆನೆ, ಒಂದೊಂದು ಪದಾತಿ ಉಳಿದಾಗ, ಇಂದಿನ ಚೆಸ್ಸಿಗೆ ಒಗ್ಗಿಕೊಂಡವರು ಡ್ರಾಕ್ಕೆ ಕೈಚಾಚುತ್ತಾರೆ. ಇಲ್ಲಿ ಕೊನೆಯ ಪದಾತಿಯೇ ರಾಜನ ಪ್ರಾಣ. ಅದನ್ನು ಕಾಯಲು ರಾಜ ತಾನೇ ರಣರಂಗದ ನಡುವೆ ನಿಲ್ಲಬೇಕಾಗುತ್ತದೆ. ಸ್ಪರ್ಧೆಗಳಲ್ಲಿ ಪಳಗಿದ ಅಕ್ಕನ ಮಗಳೂ, ಚೆನ್ನೆಯಲ್ಲಿ ಪಳಗಿದ ಗೆಳೆಯರೂ ಸಮಸಮನಾಗಿ ಆಡುವುದನ್ನು ನಾನು ಕಂಡದ್ದು ಈ ಅಂತ್ಯದಾಟಗಳಲ್ಲಿ. ಬಾಯಿಪಾಠದ ಆರಂಭಗಳು ಇಲ್ಲಿ ಯಾರ ನೆರವಿಗೂ ಬರುವುದಿಲ್ಲ, ಕಾಯಿಗಳ ಎಣಿಕೆಯ ಮೇಲಿನ ಹಿಡಿತ ಬರುತ್ತದೆ.

ಕೊನೆಯದು 80 ಮನೆಗಳ ಹಾಸು: ಅಗಲ ಹತ್ತು, ಉದ್ದ ಎಂಟು. ಹಾಸನ್ನು ದೊಡ್ಡದು ಮಾಡುವ ಆಸೆ ಹಳೆಯದು. ತೈಮೂರನ ಹೆಸರಿನ ದೊಡ್ಡ ಶತ್ರಂಜಿನಲ್ಲಿ 'ದಬ್ಬಾಬ' ಎಂಬ ಕೋಟೆ ಮುರಿಯುವ ಯಂತ್ರದ ಕಾಯಿ ನೇರವಾಗಿ ಎರಡನೆಯ ಮನೆಗೆ ಹಾರುತ್ತಿತ್ತು. ನಮ್ಮ ನಾಡಿನಲ್ಲೂ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನೂ ಹಲವಾರು ಹಾಸಿನ ಆಟಗಳನ್ನೂ ರಚಿಸಿದವರು. ಹೊಸ ಆಟ ಕಟ್ಟುವುದು ಗಂಭೀರವಾದ ಕೆಲಸವೆಂದು ನಂಬಿದವರಲ್ಲಿ ಅವರು ನಮ್ಮವರೇ ಎಂಬುದು ನನಗೆ ಹೆಮ್ಮೆ. ನನ್ನ ಆಟದಲ್ಲಿ ಎಂಟು ಮನೆಯ ಆನೆಗೆ ಜೊತೆಯಾಗಿ, ನೇರವಾಗಿ ಒಂದು ಮನೆ ನಡೆಯುವ ಅಥವಾ ಎರಡನೆಯ ಮನೆಗೆ ಹಾರುವ ಯಂತ್ರವೊಂದನ್ನು ಸೇರಿಸಿದೆ. ಹಾಸನ್ನು ರಟ್ಟಿನ ಮೇಲೆ ಗೆರೆ ಎಳೆದು ಮಾಡಿಕೊಂಡೆವು, ಹೆಚ್ಚಿನ ಪದಾತಿಗಳನ್ನು ಇನ್ನೊಂದು ಸೆಟ್ಟಿನಿಂದ ತಂದೆವು, ಯಂತ್ರಗಳ ಜಾಗಕ್ಕೆ ಕೇರಮ್ ಬಿಲ್ಲೆಗಳನ್ನು ಎರಡೆರಡಾಗಿ ಅಂಟಿಸಿ ಇಟ್ಟೆವು.

ಇಲ್ಲಿ ಜೋಡಣೆಯ ಪ್ರಶ್ನೆಯೇ ಮುಖ್ಯವಾಯಿತು. ಮೂಲೆಯಿಂದ ರಥ, ಕುದುರೆ, ಆನೆ, ಯಂತ್ರ ಎಂದು ಇಟ್ಟರೆ ಆನೆಯ ಮುಂದಿನ ಪದಾತಿ ಅರಕ್ಷಿತವಾಗುತ್ತದೆ: ಆನೆ ಓರೆಯನ್ನಷ್ಟೇ ಕಾಯುತ್ತದೆ, ಯಂತ್ರ ನೇರವನ್ನಷ್ಟೇ. ಎದುರಾಳಿಯ ಆನೆ ಹಾಸಿನ ನಡುವಿನಿಂದ ಹಾರಿ ಆ ಪದಾತಿಯನ್ನೇ ಗುರಿಮಾಡುತ್ತದೆ. ರಥ, ಕುದುರೆ, ಯಂತ್ರ, ಆನೆ ಎಂದು ಬದಲಿಸಿದರೆ ಅದು ಇಮ್ಮಡಿಯಾಗಿ ರಕ್ಷಿತವಾಗುತ್ತದೆ, ಆದರೆ ಕುದುರೆಯ ಮುಂದಿನ ಪದಾತಿ ಹಳೆಯ ಶತ್ರಂಜಿನಂತೆಯೇ ಒಂಟಿಯಾಗುತ್ತದೆ. ಅಂಚಿಗೆ ಹತ್ತಿರವಿರುವ ಪದಾತಿಯನ್ನು ಮುತ್ತುವುದು ಎದುರಾಳಿಗೆ ಕಷ್ಟವಾದ್ದರಿಂದ ಎರಡನೆಯ ಜೋಡಣೆಯೇ ಮೇಲೆಂದು ನಮ್ಮೆಲ್ಲರ ಅಭಿಪ್ರಾಯ. ಓರೆಯಲ್ಲಿ ಹೋಗುವ ಆನೆಯೂ ನೇರದಲ್ಲಿ ಹೋಗುವ ಯಂತ್ರವೂ ಒಟ್ಟಾಗಿ ಮುಂದೊತ್ತುವುದು ನೋಡಲು ಭವ್ಯವಾಗಿದೆ. ಯಕ್ಷಗಾನದ ಒಡ್ಡೋಲಗದಲ್ಲಿ ವೇಷಗಳು ಒಂದೊಂದಾಗಿ ರಂಗಕ್ಕೆ ಬರುವಂತೆ ಪ್ರತಿ ಕಾಯಿಗೂ ತನ್ನ ಪ್ರವೇಶವಿದೆ. ಆದರೆ ಎರಡೂ ಕಡೆ ಸೇರಿ 40 ಕಾಯಿಗಳು ಇಷ್ಟು ಚಿಕ್ಕ ನಡೆಗಳಲ್ಲಿ ಅಷ್ಟು ಅಗಲದ ಹಾಸನ್ನು ದಾಟಬೇಕಾದಾಗ, ಎಡಬದಿಯಲ್ಲೊಂದು ಆಟ, ಬಲಬದಿಯಲ್ಲೊಂದು ಆಟ ಎಂಬಂತೆ ರಣರಂಗ ಇಬ್ಭಾಗವಾಗುತ್ತದೆ. ಒಂದು ಬದಿಯ ಕುದುರೆ ಇನ್ನೊಂದು ಬದಿಗೆ ನೆರವಾಗುವ ಹೊತ್ತಿಗೆ ಅಲ್ಲಿನ ತೀರ್ಮಾನ ಮುಗಿದಿರುತ್ತದೆ. ದೂರದ ನಡೆಯಿರುವ ರಥ ಮಾತ್ರ ಎರಡನ್ನೂ ಬೆಸೆಯುತ್ತದೆ, ಹಾಗಾಗಿ ರಥದ ಬೆಲೆ ಅಳತೆ ಮೀರಿ ಏರುತ್ತದೆ. ಹಳೆಯ ಶತ್ರಂಜಿನಲ್ಲೂ ರಥವೇ ಅತ್ಯಂತ ಬಲಶಾಲಿಯಾಗಿತ್ತು, ನಿಜ. ಆದರೆ ಇತರ ಕಾಯಿಗಳಿಗೆ ಬಲ ಹೆಚ್ಚಿಸಿದ ಆಟದಲ್ಲಿ ಆ ಅಂತರ ತಗ್ಗಬೇಕಿತ್ತು, ಇಲ್ಲಿ ಅದು ಬೆಳೆಯಿತು.

ಆದ್ದರಿಂದ ಮೂರು ಒರೆಗಲ್ಲುಗಳಿಗೂ ಒಪ್ಪುವುದು ನನ್ನ ಪಾಲಿಗೆ ಎಂಟು ಮನೆಯ ಆನೆಯ ಆಟ ಮಾತ್ರ. ಮಕ್ಕಳಿಗೆ ಚದುರಂಗದ ಮೊದಲ ಪಾಠ ಹೇಳುವವರಿಗೆ ಐದು ಮನೆಯ ಆನೆಯನ್ನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಪದಾತಿ ಮತ್ತು ಕಾಯಿಗಳ ಹೊಂದಾಣಿಕೆ ಕಣ್ಣೆದುರೇ ಕಟ್ಟುತ್ತಾ ಹೋಗುತ್ತದೆ, ಆತುರಕ್ಕೆ ಜಾಗವಿಲ್ಲ. ದೊಡ್ಡ ಹಾಸಿನ ಆಟವನ್ನು ನಾನು ಕೈಬಿಟ್ಟಿಲ್ಲ. ರಥವನ್ನು ಒಂದು ನಡೆಯಲ್ಲಿ ನಾಲ್ಕು ಮನೆಗಳಿಗೆ ಸೀಮಿತಗೊಳಿಸಿ ಈಗ ಭಾವನ ಜೊತೆ ಆಡುತ್ತಿದ್ದೇನೆ. ಎರಡು ಬದಿಗಳನ್ನು ಬೆಸೆಯುವ ಕೆಲಸ ಇದರಿಂದ ಯಂತ್ರಗಳಿಗೆ ವರ್ಗವಾಗುತ್ತದೆಯೇ ಎಂಬುದನ್ನು ನೋಡಬೇಕಾಗಿದೆ. ಎಂಟು ಮನೆಯ ಆನೆಯ ಆಟಕ್ಕೆ ಮಾಮೂಲಿ ಚೆಸ್ ಸೆಟ್ಟೇ ಸಾಕು: ಒಂಟೆಯನ್ನು ಆನೆಯೆಂದೂ ರಾಣಿಯನ್ನು ಮಂತ್ರಿಯೆಂದೂ ಇಟ್ಟುಕೊಳ್ಳಿ, ಪದಾತಿಯನ್ನು ಒಂದೊಂದೇ ಮನೆ ನಡೆಸಿ, ಕ್ಯಾಸ್ಲಿಂಗ್ (ರಾಜ, ರಥ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಬೇಡ, ಕೊನೆಯ ಸಾಲಿನಲ್ಲಿ ಮಂತ್ರಿಯನ್ನಷ್ಟೇ ಪಡೆಯಿರಿ, ಒಬ್ಬಂಟಿ ರಾಜನನ್ನು ಸೋತವನೆಂದೇ ಎಣಿಸಿ.